ಗೌರವಕ್ಕೆ ತಕ್ಕ ಕಾದಂಬರಿ

ಒಳ್ಳೆಯ ಕಾದಂಬರಿಯನ್ನು ಓದುವುದು ಸುಲಭ, ಆರಿಸುವುದೇ ಕಷ್ಟ ಎಂದು ಓದುವ ಅಭ್ಯಾಸವಿದ್ದವರು ಹೇಳುತ್ತಾರೆ. ನನಗೆ ಎರಡೂ ಕಷ್ಟವಾದವು. ನಾನು ಕಲಿತದ್ದು ಉರ್ದು ಶಾಲೆಯಲ್ಲಿ; ಸುರಪುರದ ಕಚೇರಿಯಲ್ಲಿ ಗುಮಾಸ್ತನಾಗಿ ಬರೆದದ್ದೂ ಉರ್ದುವನ್ನೇ. ಕನ್ನಡ ನನಗೆ ಊಟಕ್ಕೆ, ಜಗಳಕ್ಕೆ, ದೇವರಿಗೆ ಸಾಕಾಗುವಷ್ಟು ಇತ್ತು. ಅಷ್ಟರಲ್ಲಿ ನಿಜಾಮರ ಕಾಲ ಮುಗಿದು, ಕನ್ನಡದ ಸೀಮೆಗಳೆಲ್ಲ ಒಂದಾಗಿ, ಧಾರವಾಡದ ಕಡೆಯಿಂದ ಹೊಸ ಸಾಹೇಬರು ಬಂದರು. ಕಚೇರಿಯವರು ಪ್ರತಿಯೊಬ್ಬರೂ ಹೆಸರಾಂತ ಹಳೆಯ ಕಾದಂಬರಿಯೊಂದನ್ನು ಓದಿ, ತಮ್ಮ ಸರದಿಯ ಶನಿವಾರ ಎಲ್ಲರೆದುರು ಅದರ ಬಗ್ಗೆ ಮಾತಾಡಬೇಕೆಂದರು. ಚೆನ್ನಾಗಿ ಮಾತಾಡಿದವರಿಗೆ ಕನ್ನಡದ ಕಾಗದಪತ್ರದ ಕೆಲಸ. ಉಳಿದವರಿಗೆ ಹಳೆಯ ಉರ್ದು ದಫ್ತರದ ಕೋಣೆಯ ಧೂಳು.

ವಾಚನಾಲಯದ ಕಪಾಟಿನ ಮುಂದೆ ನಿಂತು ಬೆವರಿದೆ. ತೆಳ್ಳಗಿನದನ್ನು ಹಿಡಿದರೆ ಸಾಹೇಬರಿಗೆ ಅಗೌರವ, ದಪ್ಪಗಿನದನ್ನು ಹಿಡಿದರೆ ನನ್ನ ಕಣ್ಣಿಗೆ ಅಪಾಯ. ಅಕ್ಷರದ ಕೆಳಗೆ ಅಕ್ಷರ ಜೋತುಬಿದ್ದ ಪುಟಗಳನ್ನು ಕಂಡೊಡನೆ ಮೆಲ್ಲಗೆ ಮುಚ್ಚಿಟ್ಟೆ. ಕೊನೆಗೆ ಹೊರಗಿನಿಂದ ದಪ್ಪ, ಒಳಗೆ ದೊಡ್ಡ ಅಕ್ಷರ, ಅಂಚಿನಲ್ಲಿ ಧಾರಾಳ ಖಾಲಿ ಜಾಗ ಇದ್ದ ಮಹಾಕೃತಿಯೊಂದು ಸಿಕ್ಕಿತು. ವಾಚನಾಲಯದವರು ಅದಕ್ಕೆ ಎರಡೂ ಕಡೆ ಒಂದೇ ಥರದ ರಟ್ಟು ಕಟ್ಟಿಸಿ, ಬೆನ್ನಿನ ಮೇಲೆ ಹೆಸರು ಬರೆಸಿದ್ದರು. ಆ ಹೆಸರು ಕಾಣುವಂತೆ ಹಿಡಿದು ಯಾದಗಿರಿ ಬಸ್ಸಿನಲ್ಲಿ ಕುಳಿತಿದ್ದಾಗ, ಶಹಾಪುರದಲ್ಲಿ ಹತ್ತಿದವರೊಬ್ಬರು ನೀವು ಮಾಸ್ತರರೇನು ಎಂದು ಕೇಳಿದರು. ನಾನು ಅಲ್ಲವೆನ್ನಲಿಲ್ಲ.

ಓದತೊಡಗಿದೆ. ಮೊದಲ ಪುಟದಲ್ಲೇ ನಾಯಕ ಸತ್ತುಹೋದ. ಅನಂತರ ಹಾಸಿಗೆ ಹಿಡಿದ. ಒಂದು ಪುಟದ ವಾಕ್ಯ ಮುಂದಿನ ಪುಟಕ್ಕೆ ಹೊಂದುತ್ತಿರಲಿಲ್ಲ. ದೊಡ್ಡ ಸಾಹಿತ್ಯ ಎಂದರೆ ಹೀಗೆಯೇ ಇರಬೇಕು ಎಂದುಕೊಂಡೆ. ಪುಟದ ಅಂಕಿಗಳು ಇಳಿಯುತ್ತ ಹೋದದ್ದನ್ನು, ಓದುವುದು ಇನ್ನೆಷ್ಟು ಬಾಕಿಯಿದೆ ಎಂದು ತಿಳಿಸುವ ಪ್ರಕಾಶಕರ ದಯೆ ಎಂದು ಭಾವಿಸಿದೆ. ಬರಬರುತ್ತ ಅವನ ಜ್ವರ ಬಿಟ್ಟಿತು, ಮುನಿದು ತವರಿಗೆ ಹೋಗಿದ್ದ ಹೆಂಡತಿ ಮನೆಗೆ ಬಂದಳು, ಜಗಳಗಳು ಕಡಿಮೆಯಾದವು, ಕಟ್ಟಕಡೆಗೆ ಇಬ್ಬರೂ ಬಾಸಿಂಗ ಕಟ್ಟಿಕೊಂಡು ಮದುವೆಯಾದರು. ನನಗೆ ಬಹಳ ಸಂತೋಷವಾಯಿತು.

ನನ್ನ ಸರದಿಯ ಶನಿವಾರ ಇದನ್ನೇ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಈ ಪುಸ್ತಕಾನ ಹಿಂಗ ಯಾರೂ ಓದಿಲ್ಲ ಬಿಡ್ರಿ,” ಎಂದರು.

ಹೊಗಳಿಕೆಯೆಂದು ಕೈಮುಗಿದು ಕುಳಿತೆ. ಸೋಮವಾರ ದಫ್ತರದ ಕೋಣೆಯ ಕೀಲಿಕೈ ನನ್ನ ಮೇಜಿನ ಮೇಲಿತ್ತು.

ನನ್ನ ಹೆಂಡತಿ ಶರಣವ್ವ ಬಿಜಾಪುರದ ಕಡೆಯವಳು, ಕನ್ನಡ ಶಾಲೆ ಕಲಿತವಳು. ಕೀಲಿಕೈಯ ಸಂಗತಿ ಕೇಳಿ, ಹೇಗೆ ಓದಿದಿರಿ ತೋರಿಸಿ ಎಂದಳು. ಪುಸ್ತಕವನ್ನು ಎಂದಿನಂತೆ ಬಲಗಡೆಯಿಂದ ತೆರೆದೆ.

“ಇದು ಉರ್ದು ಅಲ್ರಿ. ಆ ಕಡಿಂದ ತೆರೀಬೇಕು,” ಎಂದಳು. ನಗಲಿಲ್ಲ. ನಕ್ಕಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಮೇಲೆ ತಾನೇ ಎಡಗಡೆಯಿಂದ ಓದಲು ಕುಳಿತಳು. ನಾನು ಸಂತೋಷದಿಂದ ಮುಗಿಸಿದ್ದ ಮದುವೆ ಅವಳ ಕೈಯಲ್ಲಿ ದಿನದಿನಕ್ಕೆ ಕೆಡುತ್ತ ಬಂತು. ಮುಂದಾಗುವುದೆಲ್ಲ ಗೊತ್ತಿದ್ದೂ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಕೊನೆಯ ಪುಟ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದಳು. ನನಗೆ ನಿಜವಾಗಿಯೂ ಸಂಕಟವಾಯಿತು.

“ಅಳಬ್ಯಾಡ,” ಎಂದೆ. “ಈ ಕಡಿಂದ ಓದು, ಎದ್ದು ಕುಂದರ್ತಾನ.”

ಅವಳು ನನ್ನನ್ನೊಮ್ಮೆ ನೋಡಿ, ಪುಸ್ತಕವನ್ನು ಬಲಗಡೆಯಿಂದ ತೆರೆದಳು. ನಾನು ಕೀಲಿಕೈ ತೆಗೆದುಕೊಂಡು ದಫ್ತರಕ್ಕೆ ಹೊರಟೆ. ಅಲ್ಲಿಯ ಪುಸ್ತಕಗಳೆಲ್ಲ ನಾನು ತೆರೆಯುವ ಕಡೆಯಿಂದಲೇ ಶುರುವಾಗುತ್ತವೆ.