ನಾನು ಬೇಯಿಸಿದ ಬಸ್ಸು

"ಸುರತ್ಕಲ್... ಮುಲ್ಕಿ... ಪಡುಬಿದ್ರಿ... ಕಾಪು... ಕಟಪಾಡಿ... ಉಡುಪಿ. ರೈಟ್, ಪೋಯಿ!"

ಲಾಕ್‌ಡೌನ್ ಎಂದರೆ ಬೇರೆಯವರಿಗೆ ಆಂಬುಲೆನ್ಸಿನ ಸದ್ದು ನೆನಪಾಗುತ್ತದಂತೆ. ನನಗೆ ನೆನಪಾಗುವುದು 'ಹೋಗೋಣ' ಎನ್ನುವ ಈ ತುಳು ಕೂಗು. ಕೇಳಿದ್ದು ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಲ್ಲ, ಮಸ್ಕತ್ತಿನ ಅಲ್ ಖುವೈರ್‌ನಲ್ಲಿ, ನನ್ನ ಮಗಳು ರಶ್ಮಿಯ ಫ್ಲ್ಯಾಟಿನಲ್ಲಿ. ಕಂಡಕ್ಟರ್ ನನ್ನ ಅಳಿಯ ಹರೀಶನ ತಾಯಿ ಗುಲಾಬಿಯಕ್ಕ. ಪ್ಯಾಸೆಂಜರ್ ನಮ್ಮಿಬ್ಬರಿಗೂ ಒಬ್ಬಳೇ ಮೊಮ್ಮಗಳಾದ ಆರು ವರ್ಷದ ತನ್ವಿ. ಬಸ್ಸು ಮಾತ್ರ ಒಂದು ಪ್ಲಾಸ್ಟಿಕ್ ಕೊಳವೆ.

ತನ್ವಿಗೆ ಆಸ್ತಮಾ. ಇನ್‌ಹೇಲರಿನ ಮದ್ದು ಗಂಟಲಲ್ಲೇ ಉಳಿಯದೆ ಎದೆಗೆ ಇಳಿಯಲಿ ಎಂದು ಬಾಯಿಗೂ ಇನ್‌ಹೇಲರಿಗೂ ನಡುವೆ ಆ ಕೊಳವೆ ಸಿಕ್ಕಿಸಬೇಕು. ಅದಕ್ಕೆ ಸ್ಪೇಸರ್ ಎಂದು ಹೆಸರು. ಒಮ್ಮೆ ಒತ್ತಿ, ಆರು ಸಲ ಉಸಿರೆಳೆಯಬೇಕು. ಗುಲಾಬಿಯಕ್ಕ ಕಟಪಾಡಿಯಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವರು. ಒಂದೊಂದು ಉಸಿರಿಗೆ ಒಂದೊಂದು ಸ್ಟಾಪ್ ಇಟ್ಟಿದ್ದರು. ಅದುವರೆಗೆ ಸ್ಪೇಸರ್ ಕಂಡರೆ ಮಂಚದಡಿ ನುಗ್ಗುತ್ತಿದ್ದ ಮಗು ಈಗ ಟಿಕೆಟ್ ಕೇಳಿಕೊಂಡು ಬರುತ್ತಿತ್ತು.

ನಾವಿಬ್ಬರೂ ಮಗುವಿನ ಬರ್ತ್‌ಡೇಗೆಂದು ಬಂದವರು. ವಿಮಾನಗಳು ನಿಂತವು. ಬೀಗತ್ತಿಯರಿಬ್ಬರಿಗೂ ಒಂದೇ ಕೋಣೆ, ಒಂದೇ ಏಸಿ, ಒಂದೇ ರಿಮೋಟ್. ರಿಮೋಟ್ ಅವರ ದಿಂಬಿನಡಿ.

ಹೊಟ್ಟೆಕಿಚ್ಚು ಪಾಪ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದರು. ಆದರೆ ಅವರಲ್ಲಿ ಯಾರಿಗೂ ಬೀಗತ್ತಿ ಇರಲಿಲ್ಲ. ಗುಲಾಬಿಯಕ್ಕನಿಗೆ ಪೆನ್ಶನ್ ಇದೆ, ನನಗೆ ಶಾಲೆಯಲ್ಲಿ ಭಾಷಣಕ್ಕೆ ಸಿಕ್ಕ ಎಲೊಕ್ಯೂಶನ್ ಪ್ರೈಜ್ ಇದೆ. ಅವರ ಕೂದಲು ಕಪ್ಪು. ಡೈ ಎಂದು ನಾನು ಎಷ್ಟು ಸಲ ಸೂಚಿಸಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಗು ಅವರನ್ನು 'ಅಜ್ಜಿ' ಎನ್ನುತ್ತಿತ್ತು, ನನ್ನನ್ನು 'ಗ್ರ್ಯಾನಿ'. ಗ್ರ್ಯಾನಿ ಎಂದು ಹೇಳಿಕೊಟ್ಟವಳು ನಾನೇ. ಸ್ಟೈಲಿಶ್ ಆಗಿರಲಿ ಎಂದು. ಆದರೆ ನಿದ್ದೆ ಬಂದಾಗ ಮಕ್ಕಳು ಸ್ಟೈಲ್ ಹುಡುಕುವುದಿಲ್ಲ, ಮಡಿಲು ಹುಡುಕುತ್ತವೆ.

ಒಂದು ಸಂಜೆ ನಾನೇ ಸ್ಪೇಸರ್ ಹಿಡಿದೆ. "ಕಮ್ ಡಾರ್ಲಿಂಗ್. ಇನ್‌ಹೇಲ್... ಆಂಡ್ ಎಕ್ಸ್‌ಹೇಲ್..." ಎಂದು ರಾಗವಾಗಿ ಹೇಳಿದೆ.

ಮಗು ಒಂದು ಉಸಿರೆಳೆದು ನಿಲ್ಲಿಸಿತು. "ಗ್ರ್ಯಾನಿ, ಯುವರ್ ಬಸ್ ಈಸ್ ನಾಟ್ ಮೂವಿಂಗ್."

"ಪಂಕ್ಚರ್ ಆಗಿರ್ಬೇಕು ಪುಟ್ಟಾ," ಎಂದರು ಗುಲಾಬಿಯಕ್ಕ ಸೋಫಾದಿಂದ. "ಕೊಡಿ ವಿಮಲಕ್ಕ, ನಾನು ನೋಡ್ತೇನೆ."

ಕೊಟ್ಟೆ. ಬಸ್ಸು ಉಡುಪಿಗೆ ಸುಖವಾಗಿ ತಲುಪಿತು. ನನ್ನ ಎದೆಯೊಳಗೆ ಏನೋ ಸುಯ್ಯೆಂದಿತು. ಅದಕ್ಕೆ ಇನ್‌ಹೇಲರ್ ಇಲ್ಲ.

ಆ ದಿನಗಳಲ್ಲಿ ಟೊಮೇಟೊವನ್ನೂ ಸೋಪು ಹಾಕಿ ತೊಳೆಯುತ್ತಿದ್ದೆವು. ಗುಲಾಬಿಯಕ್ಕ ಸ್ಪೇಸರನ್ನು ಮಾತ್ರ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ ಒಣಗಲಿಡುತ್ತಿದ್ದರು. ನನಗೆ ಒಂದು ದಾರಿ ಹೊಳೆಯಿತು. ಇದೆಂಥ ಕ್ಲೀನಿಂಗ್? ರಶ್ಮಿಯ ಹಾಲಿನ ಬಾಟಲಿಯನ್ನು ನಾನು ದಿನಾ ಕುದಿಸಿದವಳು. ಇಲ್ಲಿಯೂ ಸ್ಟೆರಿಲೈಸ್ ಮಾಡಿ ತೋರಿಸಿದರೆ ಮದ್ದಿನ ಡಿಪಾರ್ಟ್‌ಮೆಂಟ್ ತಾನಾಗಿಯೇ ನನ್ನ ಕೈಗೆ ಬರುತ್ತದೆ.

ಮರುದಿನ ಹನ್ನೊಂದು ಗಂಟೆಗೆ ರಶ್ಮಿ ಲ್ಯಾಪ್‌ಟಾಪಿನ ಮುಂದೆ ಮೀಟಿಂಗಿನಲ್ಲಿದ್ದಳು, ಹರೀಶ ಒಳಕೋಣೆಯಲ್ಲಿ ಇನ್ನೊಂದು ಮೀಟಿಂಗಿನಲ್ಲಿದ್ದ, ಗುಲಾಬಿಯಕ್ಕ ಗಂಟೆ ಹಿಡಿಯುವ ಎಣ್ಣೆಸ್ನಾನಕ್ಕೆ ಹೋಗಿದ್ದರು. ನಾನು ಇಡ್ಲಿ ಪಾತ್ರೆಯಲ್ಲಿ ನೀರು ಹಾಕಿ, ಸ್ಪೇಸರನ್ನು ಒಳಗಿಟ್ಟು, ಮುಚ್ಚಿ, ದೊಡ್ಡ ಉರಿ ಕೊಟ್ಟೆ. ಹತ್ತು ನಿಮಿಷ ಸಾಕು.

ಆಗಲೇ ಮಂಗಳೂರಿನಿಂದ ನನ್ನ ತಂಗಿ ವೀಡಿಯೋ ಕಾಲ್ ಮಾಡಬೇಕೇ?

"ಇನ್ನು ಮೆಡಿಸಿನ್ ಎಲ್ಲ ನಂದೇ ಚಾರ್ಜ್," ಎಂದೆ ಬಾಲ್ಕನಿಯಲ್ಲಿ ನಿಂತು. "ಅವರಿಗೆ ಹೈಜೀನ್ ಎಲ್ಲ ಗೊತ್ತಾಗುದಿಲ್ಲ. ಹಾಗಂತ ಬಾಯಿ ಬಿಟ್ಟು ಹೇಳ್ಲಿಕ್ಕಾಗ್ತದಾ?" ಎಂದು ಶುರು ಮಾಡಿ, ಬಾಯಿ ಬಿಟ್ಟು ಅರ್ಧ ಗಂಟೆ ಹೇಳಿದೆ.

ಹೊಗೆ ಬಂದಾಗ ಮೊದಲು ಪಕ್ಕದ ಮನೆಯವರನ್ನು ಬೈದೆ.

ಆಮೇಲೆ ಒಳಗೆ ಓಡಿದೆ. ನೀರು ಇಂಗಿಹೋಗಿತ್ತು. ಸ್ಪೇಸರ್ ತಳಕ್ಕೆ ಅಂಟಿಕೊಂಡು, ಒಂದು ಕಡೆ ಕರಿದ ಹಪ್ಪಳದಂತೆ ಮುದುಡಿತ್ತು. ಮನೆಯಿಡೀ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕಿಟಕಿ ತೆರೆದರೆ ಜೂನ್ ತಿಂಗಳ ಬಿಸಿಗಾಳಿ ಧೂಳು ಹೊತ್ತು ಒಳಗೆ ಬಂತು.

ತನ್ವಿ ಅಡಿಗೆಮನೆ ಬಾಗಿಲಲ್ಲಿ ನಿಂತು ಪಾತ್ರೆಯೊಳಗೆ ಇಣುಕಿದಳು.

"ಮಮ್ಮಾ," ಎಂದಳು, "ಗ್ರ್ಯಾನಿ ಕುಕ್ಡ್ ಮೈ ಬಸ್."

ಅಷ್ಟು ಹೇಳಿ ಕೆಮ್ಮಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ಕೆಮ್ಮಿನ ಹಿಂದೆಯೇ ಎದೆಯಿಂದ ಸಿಳ್ಳೆ ಕೇಳಿಸಿತು. ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಸೆಳೆಯತೊಡಗಿತು.

ಹರೀಶ ಮಾಸ್ಕನ್ನು ತಲೆಕೆಳಗಾಗಿ ಹಾಕಿಕೊಂಡು ಕೆಳಗಿನ ಫಾರ್ಮಸಿಗೆ ಓಡಿದ. ಅಲ್ಲಿಂದಲೇ ಫೋನ್ ಮಾಡಿದ. "ಸ್ಪೇಸರ್ ಖಲಾಸ್ ಅಂತೆ. ನಾಳೆ ಬರ್ಬಹುದಂತೆ." ರಶ್ಮಿ ಇನ್ನೊಂದು ಫೋನಿನಲ್ಲಿ ಡಾಕ್ಟರನ್ನು ಹಿಡಿದಿದ್ದಳು. ಅವರು ಹೇಳಿದ್ದು ಇಷ್ಟು: ಸಣ್ಣ ನೀರಿನ ಬಾಟಲಿಯ ಬುಡಕ್ಕೆ ಇನ್‌ಹೇಲರ್ ಹಿಡಿಸುವಷ್ಟೇ ತೂತು ಮಾಡಿ, ಬಾಟಲಿಯ ಬಾಯನ್ನು ಮಗುವಿನ ಬಾಯಿಗಿಡಿ, ತಕ್ಷಣ ಉಸಿರು ಸಡಿಲಿಸುವ ನೀಲಿ ಇನ್‌ಹೇಲರ್ ಒತ್ತಿ. ಕಡಿಮೆಯಾಗದಿದ್ದರೆ ಕೂಡಲೇ ಎಮರ್ಜೆನ್ಸಿಗೆ ಬನ್ನಿ.

ಎಮರ್ಜೆನ್ಸಿ ಎಂಬ ಮಾತಿಗೆ ಆಗ ನಾವೆಲ್ಲ ಎಷ್ಟು ಹೆದರುತ್ತಿದ್ದೆವು ಎಂದು ಹೇಳಬೇಕಾಗಿಲ್ಲ.

ಒದ್ದೆ ತಲೆಗೆ ಟವಲ್ ಸುತ್ತಿಕೊಂಡು ಬಂದ ಗುಲಾಬಿಯಕ್ಕ ಮಗುವನ್ನು ಎತ್ತಿ, ವಾಸನೆಯಿಲ್ಲದ ನಮ್ಮ ಕೋಣೆಗೆ ಒಯ್ದು, ಬಾಗಿಲು ಹಾಕಿ, ತೊಡೆಯ ಮೇಲೆ ಕೂರಿಸಿಕೊಂಡರು. ಬಾಟಲಿ ಕೊರೆದದ್ದು ರಶ್ಮಿ. ಅದನ್ನು ಅಲುಗದಂತೆ ಹಿಡಿಯಲು ಒಬ್ಬರು ಬೇಕಿತ್ತು. ನಾನು ಕೈ ಚಾಚಿದೆ.

ತನ್ವಿ ನನ್ನನ್ನು ನೋಡಿದಳು. ಉಸಿರಿನ ನಡುವೆ ತುಂಡು ತುಂಡಾಗಿ ಹೇಳಿದಳು: "ಗ್ರ್ಯಾನಿ... ಡ್ರೈವರ್. ಡ್ರೈವರ್... ಕಾಂಟ್ ಟಾಕ್."

ಎಲೊಕ್ಯೂಶನ್ ಪ್ರೈಜ್ ಪಡೆದವಳು ಬಾಯಿ ಮುಚ್ಚಿ ಬಾಟಲಿ ಹಿಡಿದೆ.

"ಸುರತ್ಕಲ್..." ಎಂದರು ಗುಲಾಬಿಯಕ್ಕ. ಬಸ್ಸು ಹೊರಟಿತು. ಉಡುಪಿ ತಲುಪಿ, ಮತ್ತೆ ಮಂಗಳೂರಿಗೆ ಬಂದು, ಹಲವು ಟ್ರಿಪ್ ಮಾಡಿತು. ಕೊನೆಗೆ ಸಿಳ್ಳೆ ಸಣ್ಣದಾಗಿ, ಸಣ್ಣದಾಗಿ, ನಿಂತಿತು. ಮಗು ಅವರ ಎದೆಗೊರಗಿ ನಿದ್ದೆ ಹೋಯಿತು. ನನಗೆ ಸಿಕ್ಕಿದ್ದು ಬಾಟಲಿ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟು ಸುಖವಾಗುತ್ತಿತ್ತು. "ಪರ್ವಾಗಿಲ್ಲ ವಿಮಲಕ್ಕ, ಒಂದು ಬಸ್ ಹೋದ್ರೆ ಹಿಂದೆ ಇನ್ನೊಂದು ಬರ್ತದೆ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಬೇಯಿಸಿದ್ದೇನೋ ಸರಿ ಮಾರಾಯ್ರೆ, ಚಟ್ನಿ ಎಲ್ಲಿ?" ಎಂದರು. ಮಗು ಏಳಬಾರದೆಂದು ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

ಆಗಸ್ಟಿನಲ್ಲಿ ಊರಿಗೆ ಸ್ಪೆಷಲ್ ಫ್ಲೈಟ್ ಸಿಕ್ಕಿತು. ಸೀಟು ಮೊದಲು ಬಂದದ್ದು ಅವರಿಗೆ. ಅಲ್ಲಿಯೂ ಅವರೇ ಫಸ್ಟ್. ಮರುವರ್ಷ ಎರಡನೆಯ ಅಲೆಯಲ್ಲಿ, ನಾನು ನೋಡಲು ಹೋಗುವುದರೊಳಗೆ, ಅವರು ಇನ್ನೂ ದೂರ ಹೋದರು. ಅದರಲ್ಲಿಯೂ ಫಸ್ಟ್.

ಹಾಗಾಗಿ ಕೊನೆಯ ಸಲ ಕಂಡದ್ದು ನಮ್ಮ ಬಿಲ್ಡಿಂಗಿನ ಕೆಳಗೆ. ಮೈಗೆ ಪ್ಲಾಸ್ಟಿಕ್ ನಿಲುವಂಗಿ, ಮಾಸ್ಕು, ಅದರ ಮೇಲೆ ಗಾಜಿನಂಥ ಶೀಲ್ಡು. ಆ ವೇಷದಲ್ಲಿಯೂ ಕೂದಲು ಕಪ್ಪಗಿತ್ತು. ತನ್ವಿ ನನ್ನ ಕೈ ಹಿಡಿದು ಅಳುತ್ತಿದ್ದಳು. ನನಗಾಗಿ ಅವಳು ಯಾವತ್ತೂ ಹಾಗೆ ಅತ್ತಿಲ್ಲ. ಹರೀಶನ ಕಾರಿನಲ್ಲಿ ಕುಳಿತ ಗುಲಾಬಿಯಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾಗಿಲಿಗೆ ಎರಡು ಸಲ ತಟ್ಟಿ, "ರೈಟ್, ಪೋಯಿ," ಎಂದರು. ಆಮೇಲೆ ನನ್ನನ್ನೇ ನೋಡಿದರು, ನಾನೇನೋ ಹೇಳುತ್ತೇನೆ ಎಂಬಂತೆ.

ನಾನು ಹೇಳಬೇಕೆಂದು ರಾತ್ರಿಯಿಡೀ ತಯಾರಿ ಮಾಡಿದ್ದೆ. ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಎರಡೂ ಬಾಯಿಗೆ ಬರಲಿಲ್ಲ.

ಡ್ರೈವರ್ ಮಾತಾಡಬಾರದಲ್ಲ.