ಕೊಂಬೈಯೋ, ಮುಧೋಳವೋ

ನಾಯಿಯನ್ನು ದುಡ್ಡು ಕೊಟ್ಟು ತರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಕೊಡ್ಲಿಪೇಟೆ ಕಡೆಯ ನಮ್ಮಂಥವರ ತೋಟಕ್ಕೆ ನಾಯಿ ತಾನಾಗಿಯೇ ಬರುತ್ತದೆ. ಕಾಫಿ ಪಿಕ್ಕಿಂಗಿಗೆ ಬರುವ ಆಳುಗಳ ಹಿಂದೆ ಒಂದು ನಾಯಿ ಬಂದಿರುತ್ತದೆ. ಕೊಯ್ಲು ಮುಗಿದು ಅವರು ಪಾತ್ರೆಪಗಡ ಕಟ್ಟಿಕೊಂಡು ಜೀಪು ಹತ್ತುವ ಹೊತ್ತಿಗೆ ಅದು ಎಲ್ಲೋ ಹೆಗ್ಗಣದ ಬಿಲ ಕೆದಕುತ್ತಿರುತ್ತದೆ. ಜೀಪು ಹೋಯಿತು, ನಾಯಿ ನಮ್ಮದಾಯಿತು. ಅದರ ಅಪ್ಪ ಯಾರು, ಅಜ್ಜ ಯಾರು ಎಂದು ಯಾರೂ ಕೇಳುವುದಿಲ್ಲ. ನಾನೂ ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಬಂದು, ಕತ್ತಿ ಹಿಡಿದು, ನೆರಳು ಮರಗಳ ಕೊಂಬೆ ಸವರಿ ಮರಗಸಿ ಮಾಡಿ ಈ ತೋಟ ಎಬ್ಬಿಸಿದವನು. ನನ್ನ ತಳಿ ಯಾವುದೆಂದು ಕಾಫಿ ಗಿಡ ಇದುವರೆಗೆ ವಿಚಾರಿಸಿಲ್ಲ.

ಅಂಥ ನಮ್ಮ ಮನೆಯಲ್ಲಿ ಹೋದ ಮಳೆಗಾಲದ ಕೊನೆಗೆ ನಾಯಿ ಕೊಳ್ಳುವ ಮಾತು ಎದ್ದಿತು. ಆಳುಗಳ ಹಿಂದೆ ಬಂದು ಉಳಿದಿದ್ದ ನಮ್ಮ ಕರಿಯನನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ನನ್ನ ಹೆಂಡತಿ ಗಿರಿಜ ಹಾಲು ಕರೆಯಲು ಬೆಳಗಿನ ಜಾವ ಕಾಫಿ ಗಿಡಗಳ ನಡುವೆ ನಡೆದು ಕೊಟ್ಟಿಗೆಗೆ ಹೋಗಬೇಕು. ಆ ದಾರಿಯಲ್ಲಿ ಆನೆ ದಾಟುವುದು ಈಗೀಗ ಹಾಲಿನವನು ಬಂದುಹೋದಷ್ಟೇ ಮಾಮೂಲು. ನಾಯಿ ಇಲ್ಲದೆ ತಾನು ಆ ಕಡೆ ಕಾಲಿಡುವುದಿಲ್ಲ, ಆಗದಿದ್ದರೆ ಹಸುಗಳನ್ನು ಮಾರಿಬಿಡಿ ಎಂದಳು. ಎರಡನ್ನೂ ಕರುವಾಗಿದ್ದಾಗಿನಿಂದ ಸಾಕಿದವಳು ಅವಳೇ. ಅಂಥವಳು ಮಾರಿ ಎನ್ನಬೇಕಾದರೆ ಹೆದರಿಕೆ ಸಣ್ಣದಲ್ಲ. ಪಿಕ್ಕಿಂಗ್ ಇನ್ನೂ ದೂರವಿತ್ತು. ಅಲ್ಲಿಯವರೆಗೆ ತಾನಾಗಿ ಬರುವ ನಾಯಿಯೂ ಇಲ್ಲ.

ಇಂಥ ಹೊತ್ತಿಗಾಗಿಯೇ ಕಾದವನಂತೆ ಬಂದವನು ಅವಳ ತಮ್ಮ ಮಲ್ಲೇಶ. ಪೊನ್ನಂಪೇಟೆಯಲ್ಲಿ ಯಾವುದೋ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಾನೆ. ನಮ್ಮ ಜಿಲ್ಲೆಯ ಚಳಿಗೆ ಫ್ಯಾನು ಯಾಕೆ ಬೇಕೋ ನನಗೆ ತಿಳಿಯದು, ಆದರೆ ಅದರ ಕೆಳಗೆ ಕೂತವರಿಗೆ ಲೋಕದ ಸಕಲ ವಿಷಯವೂ ತಿಳಿದುಬಿಡುತ್ತದೆ. ಕಂಡಕಂಡ ನಾಯಿ ಸಾಕುವ ಕಾಲ ಹೋಯಿತು ಭಾವ, ಅಪರೂಪದ ದೇಸಿ ತಳಿ ತರೋಣ ಎಂದ. ಒಂದು ಬಯಲುಸೀಮೆಯ ಮುಧೋಳ, ಇನ್ನೊಂದು ತಮಿಳುನಾಡಿನ ಕೊಂಬೈ. ಎರಡೂ ಕೆಲಸದ ನಾಯಿಗಳು, ಎರಡೂ ಸುಲಭಕ್ಕೆ ಸಿಗುವುದಿಲ್ಲ ಎಂದು ಫೋನಿನಲ್ಲಿ ಫೋಟೋ ತೋರಿಸಿದ. ಸುಲಭಕ್ಕೆ ಸಿಗದಿರುವುದು ಹೇಗೆ ಒಂದು ಗುಣವಾಗುತ್ತದೋ ದೇವರೇ ಬಲ್ಲ. ನಮ್ಮಲ್ಲಿ ಸುಲಭಕ್ಕೆ ಸಿಗದಿರುವುದು ಕರೆಂಟು. ಅದನ್ನು ಯಾರೂ ಹೊಗಳಿದ್ದು ಕೇಳಿಲ್ಲ.

ಎರಡನ್ನೂ ಸಾಕಿದ್ದ ಒಬ್ಬರು ಪ್ಲಾಂಟರು ಪೊನ್ನಂಪೇಟೆ ಹತ್ತಿರವೇ ಇದ್ದರು. ಒಂದು ಭಾನುವಾರ ಮಲ್ಲೇಶ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಮುಧೋಳ ಸ್ವೆಟರ್ ಹಾಕಿಕೊಂಡು ನಿಂತಿತ್ತು. ಕಾವಲಿಗೆ ತಂದ ನಾಯಿಗೆ ಸ್ವೆಟರ್ ಹಾಕಲು, ಬಿಚ್ಚಲು ಇನ್ನೊಬ್ಬ ಆಳು ಬೇಕು. ಊಟದ ಹೊತ್ತಿಗೆ ಕೌಂಟರಿಗೆ ಹೋದವನನ್ನು ಗುಮಾಸ್ತ ನೋಡುತ್ತಾನಲ್ಲ, ಹಾಗೆ ನನ್ನನ್ನು ನೋಡಿ ಮುಖ ತಿರುಗಿಸಿತು. ಗಾಳಿಯ ಹಾಗೆ ಓಡುತ್ತೆ ಎಂದರು. ಓಡಲಿ, ಆದರೆ ಎಲ್ಲಿ? ನನ್ನ ತೋಟದಲ್ಲಿ ನಾಲ್ಕು ನೆಗೆತಕ್ಕೆ ಒಂದು ಸಿಲ್ವರ್ ಮರ ಎದುರಾಗುತ್ತದೆ. ಇನ್ನು ಆ ಸಣಕಲು ಕಾಲಿಗೆ ನಮ್ಮ ಜಿಗಣೆಗಳು ಹತ್ತಿದರೆ ಸಂಜೆಗೆ ಸ್ವೆಟರ್ ಮಾತ್ರ ಮನೆಗೆ ಬರುತ್ತದೆ.

ಕೊಂಬೈ ಬೇರೆಯೇ. ಕೆಂಪು ಮೈ, ಕಪ್ಪು ಮೂತಿ. ನನ್ನನ್ನು ನೆಟ್ಟಗೆ ನೋಡಿ ಗಂಟಲಲ್ಲೇ ಗುಡುಗಿತು. ಹಂದಿ ಬರಲಿ ಆನೆ ಬರಲಿ, ಹೆಜ್ಜೆ ಹಿಂದಿಡುವ ಪೈಕಿ ಅಲ್ಲ, ಎದುರಿಗೇ ನುಗ್ಗುತ್ತೆ ಎಂದರು ಪ್ಲಾಂಟರು. ಬಲಿತದ್ದೇ ಒಂದಿದೆ, ಬೇಕಾದರೆ ಕೊಡುತ್ತೇನೆ ಎಂದೂ ಸೇರಿಸಿದರು. ಯಾರ ಮುಂದೆಯೂ ತಲೆ ತಗ್ಗಿಸದೆ ಬದುಕಿದವನಿಗೆ ಅಂಥದ್ದೇ ನಾಯಿ ಸರಿ ಅನ್ನಿಸಿತು. ತಳಿ ಗಿಳಿ ಎಂದು ಬೆಳಿಗ್ಗೆಯೆಲ್ಲ ಹೀಗಳೆದಿದ್ದನ್ನು ಅಲ್ಲಿಯೇ ನುಂಗಿಕೊಂಡೆ. ಮಲ್ಲೇಶನ ಮುಂದೆ ಅದನ್ನು ತೋರಿಸಿಕೊಳ್ಳಲಿಲ್ಲ, ಅಷ್ಟೆ.

ರಾತ್ರಿ ಊಟಕ್ಕೆ ಕೂತಾಗ ಗಿರಿಜಳಿಗೆ ಎಲ್ಲ ವಿವರಿಸಿದೆ. ರೊಟ್ಟಿ ತಟ್ಟುತ್ತಲೇ ಕೇಳಿದಳು.

"ಆನೆ ಮೇಲೂ ನುಗ್ಗುತ್ತಾ?"

"ನುಗ್ಗುತ್ತೆ."

"ಆನೆ ತಿರುಗಿ ಇದರ ಮೇಲೆ ನುಗ್ಗಿದ್ರೆ?"

ಓಡುತ್ತೆ, ಇನ್ನೇನು ಮಾಡುತ್ತೆ ಎಂದೆ.

"ಎಲ್ಲಿಗೆ ಓಡುತ್ತೆ? ನನ್ನ ಹತ್ರಕ್ಕೇ ಬರುತ್ತೆ. ಹಿಂದೆ ಆನೆ. ಚೊಂಬು ಹಿಡ್ಕೊಂಡು ನಾನು ಯಾವ ಮರ ಹತ್ಲಿ, ಅದನ್ನೂ ನೋಡಿಟ್ಟು ಬಂದಿದ್ದೀರಾ?"

ನನ್ನ ಬಾಯಲ್ಲಿ ರೊಟ್ಟಿ ಇತ್ತು. ಆದರೂ ಇನ್ನೊಂದಕ್ಕೆ ತಟ್ಟೆ ಚಾಚಿದೆ. ನಾಯಿ ಆನೆಯನ್ನು ಕೆಣಕಿ, ಅದು ಅಟ್ಟಿಸಿಕೊಂಡು ಬಂದು ಯಜಮಾನನೇ ಸಿಕ್ಕಿಬಿದ್ದದ್ದನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ನಾನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ ಕೂಡ. ಅವಳು ಕರಿಯನ ಮಾತು ಎತ್ತಿದಳು. ಆನೆಯ ವಾಸನೆ ಬಂದರೆ ಅದು ಬಾಲ ಮಡಚಿ ಅವಳ ಕಾಲಿಗೆ ಅಂಟಿಕೊಂಡು ಕುಂಯ್ಗುಡುತ್ತಿತ್ತಂತೆ. ಅವಳು ಅಲ್ಲಿಂದಲೇ ಹಿಂದಿರುಗುತ್ತಿದ್ದಳಂತೆ. ಆ ನಾಯಿಯನ್ನು ನಾನು ಹೇಡಿ ಎಂದು ಬೈಯದ ದಿನವಿಲ್ಲ.

"ನನಗೆ ಧೈರ್ಯದ ನಾಯಿ ಬೇಡ. ನನಗಿಂತ ಮೊದ್ಲು ಹೆದರೋ ನಾಯಿ ಬೇಕು," ಎಂದಳು.

ಜೊತೆಯಲ್ಲೇ ಉಣ್ಣುತ್ತಿದ್ದ ಮಲ್ಲೇಶ ಎಡಗೈಯಲ್ಲೇ ಫೋನು ಒರೆಸಿ ಒರೆಸಿ ಹುಡುಕಿದ. ಹೆದರುತ್ತೆ ಎಂದು ಯಾವ ತಳಿಯವರೂ ಹೇಳಿಕೊಂಡಿರಲಿಲ್ಲ.

ನಾಯಿ ಸಿಗುವವರೆಗೆ ನೀವೇ ಜೊತೆಗೆ ಬನ್ನಿ ಎಂದು ತೀರ್ಮಾನವಾಯಿತು. ಬೆಳಗಿನ ಜಾವ ಟಾರ್ಚು, ದೊಣ್ಣೆ ಹಿಡಿದು ನಾನು ಮುಂದೆ, ಅವಳು ಹಿಂದೆ. ಗಂಡಸು ನಡೆದರೆ ದಾರಿಗೆ ಗೊತ್ತಾಗಬೇಕು ಎಂದು ಕೆಮ್ಮುತ್ತಾ ಹೋಗುತ್ತಿದ್ದೆ. ಬಾಳೆ ಎಲೆ ಅಲ್ಲಾಡಿದರೆ ಯಾರದು ಎಂದು ಗದರುತ್ತಿದ್ದೆ. ಒಂದು ದಿನ ದಾರಿಯ ನಡುವೆ ಹಬೆಯಾಡುವ ಲದ್ದಿ ಬಿದ್ದಿತ್ತು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಗಂಟಲಿನಿಂದ ಒಂದು ಸದ್ದು ಬಂತು, ಅದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಗಿರಿಜ ನನ್ನ ತೋಳು ಹಿಡಿದು ಮನೆ ಕಡೆ ತಿರುಗಿಸಿದಳು. ನಾವು ಜಗಲಿ ಹತ್ತುವ ಹೊತ್ತಿಗೆ ಕೊಟ್ಟಿಗೆಯ ಹಿಂದೆ, ಆನೆ ಇಷ್ಟಪಟ್ಟು ತಿನ್ನುವ ಬೈನೆ ಮರ ಮುರಿದ ಸದ್ದು ಕೇಳಿಸಿತು.

ಬೆಳಕು ಹರಿದು ಆನೆ ಗುಡ್ಡ ಹತ್ತಿದ್ದು ಖಾತ್ರಿಯಾದ ಮೇಲೆ ಮಲ್ಲೇಶನ ಫೋನು ಬಂತು. ಪ್ಲಾಂಟರು ಕೇಳುತ್ತಿದ್ದಾರಂತೆ, ಕೊಂಬೈ ಬೇಕೋ ಬೇಡವೋ ಎಂದು.

"ಬೇಡ ಅನ್ನು. ಇಲ್ಲೇ ಒಂದು ಸಿಕ್ಕಿದೆ. ವಯಸ್ಸಾಗಿದೆ, ಗುರ್ ಅನ್ನೋದು ಜಾಸ್ತಿ, ಆದ್ರೆ ಒಳ್ಳೇ ಹೆದರುತ್ತೆ," ಎಂದಳು ಗಿರಿಜ. ಆ ಕಡೆಯಿಂದ ಅವನು ಏನೋ ಕೇಳಿದ. ಅವಳು ನಗು ತಡೆದುಕೊಂಡು ಫೋನನ್ನು ನನ್ನ ಕಡೆ ಚಾಚಿದಳು.

"ಯಾವ ತಳಿ ಅಂತ ಕೇಳ್ತಿದ್ದಾನೆ. ನೀವೇ ಹೇಳಿ."

ಹಸು ಕೂಗುತ್ತಿವೆ, ಹುಲ್ಲು ಹಾಕಬೇಕು ಎಂದು ಗದರಿ ಕೊಟ್ಟಿಗೆಯ ಕಡೆ ಹೊರಟೆ. ಬಿಸಿಲು ಚೆನ್ನಾಗಿ ಏರಿತ್ತು. ಒಬ್ಬನೇ ಹೋಗುವಷ್ಟು ಧೈರ್ಯ ನನಗೆ ಯಾವತ್ತೂ ಇದೆ.