ಒಂದು ಗಿಟಾರಿನ ವಿರುದ್ಧ ನನ್ನ ವಾದ

ಕಾಲೇಜಿನ ಚರ್ಚಾಸ್ಪರ್ಧೆಗಳು ನನ್ನನ್ನು ಕೆಡಿಸಿಬಿಟ್ಟವು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಯಾರಾದರೂ ಚಹಾ ಚೆನ್ನಾಗಿದೆ ಎಂದರೂ ಸಾಕು, ನನ್ನ ನಾಲಿಗೆ ತಾನಾಗಿ ವಿರೋಧ ಪಕ್ಷಕ್ಕೆ ಹೋಗಿ ಕೂರುತ್ತದೆ. ಇಂಥವನ ಕಿವಿಗೆ ತಂಗಿ ಶ್ರುತಿ ಒಂದು ಸಂಜೆ ಇಯರ್‌ಫೋನ್ ಸಿಕ್ಕಿಸಿ, ಯಾರೋ ಹೊಸ ಹುಡುಗಿಯ ಆಲ್ಬಮ್ ಹಚ್ಚಿದಳು. ಒಂದು ಗಿಟಾರು, ಒಂದು ಗಂಟಲು, ಎಂಟು ಹಾಡು. ಬರೆದವಳೂ ಹಾಡಿದವಳೂ ಅವಳೇ. ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟೆ: ಇದು ಹಾಡಲ್ಲ, ನಿಟ್ಟುಸಿರು, ಮೇಲಾಗಿ ಹಿಂದೆ ಫ್ಯಾನು ತಿರುಗುವ ಸದ್ದು ಬೇರೆ.

“ಪೂರಾ ಕೇಳಿ ಆಮ್ಯಾಲ ಬೈಯೋ ಅಣ್ಣಾ. ಇತನಾ ತೋ ಕರ್ ಸಕತಾ ಹೈ ನಾ? ಇಷ್ಟ ಮಾಡಾಕ ಆಗೂದಿಲ್ಲೇನು?”

ನ್ಯಾಯವಾದ ಮಾತು. ಎದುರಾಳಿಯನ್ನು ಪೂರ್ತಿ ಕೇಳಿ, ಟಿಪ್ಪಣಿ ಮಾಡಿಕೊಂಡೇ ಖಂಡಿಸಬೇಕೆಂಬುದು ನಮ್ಮ ಶಿಸ್ತು. ಮರುದಿನ ಬೊರಿವಲಿಯಲ್ಲಿ ಲೋಕಲ್ ರೈಲು ಹತ್ತಿ, ಫೋನಿನಲ್ಲಿ ‘ದೋಷಗಳು’ ಎಂದು ತಲೆಬರಹ ಬರೆದು ಕೇಳತೊಡಗಿದೆ. ಮೂರನೆಯ ಹಾಡಿನಲ್ಲಿ ಸಾಲುಮನೆಗಳ ಚಾಳಿನ ಹೆಂಗಸೊಬ್ಬಳು ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುತ್ತಾ ಯಾರನ್ನೋ ಕಾಯುತ್ತಾಳೆ. ಅದು ಮುಗಿಯುವಷ್ಟರಲ್ಲಿ ನಾನಿಳಿಯಬೇಕಾದ ಸ್ಟೇಷನ್ ದಾಟಿತ್ತು. ತಲೆಬರಹದ ಕೆಳಗೆ ಒಂದಕ್ಷರವೂ ಇರಲಿಲ್ಲ. ಪುರಾವೆ ಸಾಲದೆಂದು ಇನ್ನೂ ನಾಲ್ಕು ದಿನ ಕೇಳಿದೆ.

ಶುಕ್ರವಾರ ಶ್ರುತಿ, “ಸಂಡೇ ಅಕಿ ಬಾಂದ್ರಾದಾಗ ಹಾಡ್ತಾಳ. ಎರಡು ಪಾಸ್ ಅದಾವ, ಬರ್ತಿಯೇನು?” ಎಂದಳು. ಹೋಗಲೇಬೇಕೆಂದು ಜೀವ ಹಾತೊರೆಯಿತು. ಬಾಯಿ ಮಾತ್ರ, “ಯಾಕ ಬರಬೇಕು? ಒಂದಾದ್ರೂ ಕಾರಣ ಹೇಳು” ಎಂದಿತು. ಅವಳು ನಾಲ್ಕು ಹೇಳಿದಳು. ನಾಲ್ಕನ್ನೂ ಹೊಡೆದುರುಳಿಸಿದೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ಮಾತಾಡಿಲ್ಲ.

“ಆತು ಬಿಡಪಾ. ಅವ್ವನ್ನ ಕರಕೊಂಡ ಹೋಗ್ತೀನಿ.”

ತಕ್ಷಣ ಪಕ್ಷ ಬದಲಿಸಿದೆ. ಆ ಹುಡುಗಿಯ ಪರವಾಗಿ, ಅವಳ ಫ್ಯಾನಿನ ಪರವಾಗಿಯೂ ಹತ್ತು ನಿಮಿಷ ವಾದಿಸಿದೆ. ಈ ಸಲ ಒಂದು ಮಾತೂ ಸುಳ್ಳಿರಲಿಲ್ಲ. ಶ್ರುತಿ ಚಪ್ಪಾಳೆ ತಟ್ಟಿದಳು. “ಭಾರಿ ಅದೀ ಅಣ್ಣಾ! ಎರಡೂ ಕಡೆ ಇಷ್ಟ ಚಂದ ಮಾತಾಡಿದ್ರ ನಿನ್ನ ಯಾವ ಮಾತು ಖರೆ ಅಂತ ನಂಬಬೇಕು?”

ಭಾನುವಾರ ತಾಯಿ-ಮಗಳು ಹೋಗಿ ಬಂದರು. ಹೇಗಿತ್ತೆಂದು ಕೇಳಿದೆ.

“ಚಲೋ ಇತ್ತು” ಎಂದಳು ಅವ್ವ. “ಆದ್ರ ಅಲ್ಲಿ ಎಲ್ಲಾರೂ ಬಾಯಿ ಮುಚಗೊಂಡು ಕೇಳಬೇಕಿತ್ತಪಾ. ನಿನಗ ತ್ರಾಸ ಆಗ್ತಿತ್ತು.”

ಇದಕ್ಕೆ ನನ್ನಲ್ಲಿ ಮೂರು ಅಂಶಗಳ ಉತ್ತರವಿತ್ತು. ಮೊದಲನೆಯದನ್ನು ಮುಗಿಸುವಷ್ಟರಲ್ಲಿ ಇಬ್ಬರೂ ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಆ ಕುಕ್ಕರಿನ ಹಾಡನ್ನು ಗುನುಗತೊಡಗಿದ್ದರು. ಉಳಿದ ಎರಡು ಅಂಶಗಳನ್ನು ನುಂಗಿಕೊಂಡು, ಬಂದ ಕೆಮ್ಮನ್ನೂ ತಡೆದು, ಬಾಗಿಲಾಚೆ ನಿಂತು ಕೇಳಿದೆ.